ನಿಮಗಿದು ಗೊತ್ತೆ? ‘ಕೊಳ್ಳೇಗಾಲ’ದ ಒತ್ತಿಗೂ ಒಂದು ದಫ್ತರವಿದೆ

ಫೋನಿನಲ್ಲಿ ‘ಕೊಳ್ಳೇಗಾಲ’ ಎಂದು ಬರೆದರೆ ಕಣ್ಣಿಗೆ ಕಾಣುವುದು ನಾಲ್ಕೇ ಅಕ್ಷರ. ಒಳಗಿರುವ ಯೂನಿಕೋಡ್ ಸಂಕೇತಗಳು ಮಾತ್ರ 9. ಯಳಂದೂರಿಗೆ 7, ಹನೂರಿಗೆ 5 ಸಾಕು.

ಕೊಳ್ಳೇಗಾಲದ ಎರಡನೆಯ ‘ಳ’ ಕೆಳಗಿಳಿದು ಒತ್ತಾಗಿ ಕೂರಬೇಕು ಎಂಬ ನಿಯಮ ಫಾಂಟಿನಲ್ಲಿದೆ. ಗೂಗಲ್‌ನ ‘ನೋಟೊ ಸಾನ್ಸ್ ಕನ್ನಡ’ ಫಾಂಟಿನ ಮೂಲ ಕಡತಗಳು ಗಿಟ್‌ಹಬ್ ಎಂಬ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿವೆ. ಒತ್ತು ಓರೆಯಾಗಿ ಕೂತಿದೆ ಎನಿಸಿದರೆ ಹನೂರಿನ ಕಾಲೇಜು ಹುಡುಗಿಯೂ ಅಲ್ಲಿ ದೂರು ದಾಖಲಿಸಬಹುದು, ತಾನೇ ತಿದ್ದಿ ಕಳಿಸಲೂಬಹುದು. ಕನ್ನಡ ಓದಿ ಪಳಗಿದ ಕಣ್ಣುಗಳು ಅಲ್ಲಿಗೆ ಇನ್ನಷ್ಟು ಬೇಕು.

ಗಿಟ್‌ಹಬ್‌ನ ಬೆನ್ನೆಲುಬು ‘ಗಿಟ್’ ಎಂಬ ತಂತ್ರಾಂಶ. ಲಿನಕ್ಸ್ ಖ್ಯಾತಿಯ ಲೀನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಇದನ್ನು ಬರೆಯತೊಡಗಿದರು. ತಾಲ್ಲೂಕು ಕಚೇರಿಯ ಮ್ಯುಟೇಶನ್ ವಹಿಯಂತೆ, ಯಾರು, ಯಾವಾಗ, ಏನು ಬದಲಿಸಿದರು ಎಂಬುದೆಲ್ಲ ಇದರಲ್ಲಿ ಉಳಿಯುತ್ತದೆ. ಹಳೆಯ ಪ್ರತಿಗೆ ಮರಳುವುದೂ ಸುಲಭ. ಈ ವಹಿಯನ್ನು ಅಂತರಜಾಲದಲ್ಲಿ ಇಟ್ಟುಕೊಡುವ ಗಿಟ್‌ಹಬ್ 2008ರಲ್ಲಿ ಶುರುವಾಯಿತು. 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು 750 ಕೋಟಿ ಡಾಲರ್‌ಗೆ ಕೊಂಡಿತು.

ಇಂಥದೇ ಸೇವೆ ಗಿಟ್‌ಲ್ಯಾಬ್. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ಬೇರೊಂದು ಸರ್ವರ್ ಎಂದುಕೊಂಡು ಮುಖ್ಯ ದತ್ತಾಂಶವನ್ನೇ ಅಳಿಸಿಬಿಟ್ಟರು. ಬ್ಯಾಕಪ್‌ಗಳು ಕೈಕೊಟ್ಟವು. ಸುಮಾರು ಆರು ಗಂಟೆಗಳ ಅವಧಿಯ ದೂರು, ಟಿಪ್ಪಣಿಗಳು ಹೋದವು. ಕಂಪನಿ ಏನನ್ನೂ ಮುಚ್ಚಿಡದೆ ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು. ಗಿಟ್ ವಹಿಗಳು ಬೇರೆಡೆ ಇದ್ದುದರಿಂದ ಬಳಕೆದಾರರ ಕೋಡ್ ಉಳಿಯಿತು.