ಮೆತ್ತಗಾದ ಸೀತಾಫಲ ಚೆಲ್ಲಬೇಡಿ

ನಮ್ಮದು ಔರಾದ ತಾಲೂಕಿನಲ್ಲಿ ಮಳೆ ನಂಬಿದ ಹೊಲ. ತೊಗರಿ, ಸೋಯಾ, ಉದ್ದು, ಹಿಂಗಾರಿಗೆ ಬಿಳಿಜೋಳ ಬೆಳೆಯುತ್ತೇವೆ. ಬದುವಿನ ಮೇಲೆ, ಗರಸು ದಿಬ್ಬದಲ್ಲಿ ಸೀತಾಫಲದ ಗಿಡಗಳಿವೆ. ಯಾರೂ ನೆಟ್ಟಿದ್ದಲ್ಲ, ನೀರು ಹಾಕಿದ್ದೂ ಇಲ್ಲ. ಎಲೆಯನ್ನು ಆಡು ಮುಟ್ಟುವುದಿಲ್ಲ, ಆದ್ದರಿಂದ ಬೇಲಿಯೂ ಬೇಡ. ದಸರೆಯಿಂದ ದೀಪಾವಳಿಯವರೆಗೆ ಹಣ್ಣೇ ಹಣ್ಣು.

ತೊಂದರೆ ಏನೆಂದರೆ ಎಲ್ಲ ಒಮ್ಮೆಗೇ ಬರುತ್ತವೆ. ಕಣ್ಣುಗಳ ನಡುವಿನ ಗೆರೆ ಅಗಲವಾಗಿ ಹಳದಿಗೆ ತಿರುಗಿದಾಗ ಕಿತ್ತರೆ ಎರಡು ಮೂರು ದಿನದಲ್ಲಿ ಮೆತ್ತಗಾಗುತ್ತವೆ. ಅದಕ್ಕಿಂತ ಮೊದಲೇ ಕಿತ್ತರೆ ಸರಿಯಾಗಿ ಹಣ್ಣಾಗದೆ ಕಪ್ಪಾಗುತ್ತವೆ.

ಕೆಲವು ವರ್ಷದ ಹಿಂದೆ ನಾಲ್ಕು ಬುಟ್ಟಿ ಬೀದರಕ್ಕೆ ಒಯ್ದೆ. ಬಸ್ಸಿನ ಕುಲುಕಾಟಕ್ಕೆ ಒಂದು ಬುಟ್ಟಿ ಪೂರ್ತಿ ಒಡೆದಿತ್ತು. "ಇದನ್ನ ಯಾರ ತಗೋತಾರ ಕಾಕಾ? ದನಕ್ಕ ಹಾಕ್ರಿ" ಅಂದ ವ್ಯಾಪಾರಿ. ಉಳಿದ ಮೂರಕ್ಕೆ ಬಂದ ರೊಕ್ಕದಲ್ಲಿ ಬಸ್ ಚಾರ್ಜು, ಹಮಾಲಿ ಕಳೆದರೆ ನನ್ನ ಒಂದು ದಿನದ ಕೂಲಿಯೂ ಗಿಟ್ಟಲಿಲ್ಲ. ಒಡೆದ ಬುಟ್ಟಿ ಚೆಲ್ಲಲು ಮನಸ್ಸಾಗದೆ ಮನೆಗೆ ತಂದೆ.

ಮನೆಯವಳು ತಿರುಳನ್ನು ಹಾಲಿಗೆ ಹಾಕಿ ಚೆನ್ನಾಗಿ ಕುದಿಸಿದಳು. ಬಾಯಿಗೆ ಇಟ್ಟರೆ ಕಹಿ! ಎರಡು ಲೀಟರ್ ಹಾಲು ಹಾಳಾಯಿತು. ದೀಪಾವಳಿಗೆ ಬಂದ ಭಾಲ್ಕಿಯ ತಂಗಿ ಕೇಳಿ ನಕ್ಕಳು. "ಅಣ್ಣಾ, ಬೆಂಕಿ ಹಾಲಿಗೆ ಸಾಕು. ಈ ಹಣ್ಣು ಕಾಯಿಸಿದ್ರ ಕಹಿ ಆಗ್ತದ" ಅಂದಳು. ಅವಳು ತೋರಿಸಿದ ಕ್ರಮ ಹೀಗಿದೆ.

ಬಾಸುಂದಿ

ಒಂದು ಲೀಟರ್ ಹಾಲನ್ನು ಸಣ್ಣ ಉರಿಯಲ್ಲಿ ತಿರುವುತ್ತಾ ಮೂರನೇ ಒಂದು ಪಾಲಿಗೆ ಇಳಿಸಿ. ಎರಡು ಚಮಚ ಸಕ್ಕರೆ, ಸ್ವಲ್ಪ ಏಲಕ್ಕಿ ಹಾಕಿ ಪೂರ್ತಿ ತಣ್ಣಗೆ ಮಾಡಿ. ಎಂಟು ಹಣ್ಣಿಗೆ ಸುಮಾರು ಅರ್ಧ ಕಿಲೋ ತಿರುಳು ಸಿಗುತ್ತದೆ. ಹೋಳಿಗೆ ಹೂರಣ ತಿಕ್ಕುವ ಜರಡಿಯಲ್ಲಿ ಕೈಯಿಂದ ತಿಕ್ಕಿದರೆ ತಿರುಳು ಕೆಳಗೆ, ಬೀಜ ಮೇಲೆ. ಇದನ್ನು ತಣ್ಣನೆ ಹಾಲಿಗೆ ಕೂಡಿಸಿ. ಅದ್ದಿ ತಿನ್ನುವಷ್ಟು ಗಟ್ಟಿಯಾಗಿರಬೇಕು. ಅಂದು ಮಾಡಿದ್ದು ಅಂದೇ ಮುಗಿಸಿ.

ಶಂಕರಪಾಳಿ

ಇದಕ್ಕೆ ಹೊಲದ ಜೋಳವನ್ನೂ ಬಳಸುತ್ತೇವೆ. ಬರೀ ಜೋಳದ ಹಿಟ್ಟಿಗೆ ಜಿಗುಟು ಇಲ್ಲ, ಲಟ್ಟಿಸುವಾಗ ಹರಿಯುತ್ತದೆ. ಎರಡು ಬಟ್ಟಲು ಗೋಧಿ ಹಿಟ್ಟಿಗೆ ಒಂದು ಬಟ್ಟಲು ಜೋಳದ ಹಿಟ್ಟು, ಎರಡು ಚಮಚ ಎಳ್ಳು, ಚಿಟಿಕೆ ಉಪ್ಪು, ನಾಲ್ಕು ಚಮಚ ಕಾಸಿದ ಎಣ್ಣೆ ಹಾಕಿ ತಿಕ್ಕಿ. ಮುಕ್ಕಾಲು ಬಟ್ಟಲು ಬೆಲ್ಲವನ್ನು ಅರ್ಧ ಬಟ್ಟಲು ಬಿಸಿನೀರಿನಲ್ಲಿ ಕರಗಿಸಿ ಸೋಸಿ, ನೋಡಿಕೊಂಡು ಹಾಕುತ್ತಾ ಗಟ್ಟಿಯಾಗಿ ನಾದಿ. ಅರ್ಧ ತಾಸು ಮುಚ್ಚಿಡಿ. ತೆಳ್ಳಗೆ ಲಟ್ಟಿಸಿ, ಉಬ್ಬದಂತೆ ಚಾಕುವಿನ ತುದಿಯಿಂದ ಚುಚ್ಚಿ, ಎರಡು ಬೆರಳಗಲದ ಉದ್ದ ತುಂಡು ಮಾಡಿ.

ನಾವು ಕುಸುಬಿ ಎಣ್ಣೆಯಲ್ಲಿ ಕರಿಯುತ್ತೇವೆ. ಉರಿ ಸಣ್ಣದಿರಲಿ. ಬೆಲ್ಲ ಇರುವುದರಿಂದ ಬೇಗ ಕಪ್ಪಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಬೆಲ್ಲ ಹೆಚ್ಚಾದರೆ ಎಣ್ಣೆಯಲ್ಲೇ ಬಿಚ್ಚಿಕೊಳ್ಳುತ್ತದೆ. ತಣ್ಣಗಾದ ಮೇಲೆ ಡಬ್ಬಿಗೆ ತುಂಬಿದರೆ ಹದಿನೈದು ದಿನ ಗರಿಗರಿಯಾಗಿರುತ್ತದೆ.

ಬೀಜದ ಬಗ್ಗೆ ಎಚ್ಚರ

ಬೀಜ ವಿಷ. ಬೀಜ ಸಮೇತ ಮಿಕ್ಸಿಗೆ ಹಾಕಬೇಡಿ. ಹೇನಿಗೆಂದು ಬೀಜದ ಪುಡಿ ತಲೆಗೆ ಹಚ್ಚುವ ರೂಢಿ ನಮ್ಮ ಕಡೆ ಇದೆ. ಅದು ಕಣ್ಣಿಗೆ ಇಳಿದರೆ ಕಣ್ಣು ಕೆಡುತ್ತದೆ, ಹಚ್ಚದಿರುವುದೇ ಒಳ್ಳೆಯದು. ತಿರುಳನ್ನು ಗಾಳಿಗೆ ಬಿಟ್ಟರೆ ಕಂದಾಗುತ್ತದೆ. ಫ್ರಿಜ್ ಇದ್ದವರು ಸಣ್ಣ ಡಬ್ಬಿಗಳಲ್ಲಿ ಬಿಗಿಯಾಗಿ ಮುಚ್ಚಿ ಬರ್ಫದ ಖಾನೆಯಲ್ಲಿ ಇಡಬಹುದು. ನಮ್ಮ ಊರಿನ ಕರೆಂಟು ನಂಬಿ ಬಹಳ ದಿನ ಇಡಬೇಡಿ.

ಈಗ ನಾವು ಹಣ್ಣನ್ನು ಮೂರು ಪಾಲು ಮಾಡುತ್ತೇವೆ. ಗಟ್ಟಿ ಇದ್ದದ್ದು ಹುಲ್ಲು ಹಾಸಿದ ಬುಟ್ಟಿಯಲ್ಲಿ ಬೀದರಕ್ಕೆ, ಅರೆ ಹಣ್ಣು ಹತ್ತಿರದ ಸಂತೆಗೆ, ಮೆತ್ತಗಾದದ್ದು ಮನೆಗೆ. ಶಂಕರಪಾಳಿಯನ್ನು ಸೊಸೆ ಪೊಟ್ಟಣ ಕಟ್ಟಿ ಸಂತೆಗೆ ಕೊಡುತ್ತಾಳೆ. ಅದರಲ್ಲಿ ಎಣ್ಣೆ, ಬೆಲ್ಲದ ಖರ್ಚು ಹೊರಡುತ್ತದೆ, ದೊಡ್ಡ ಲಾಭವೇನಿಲ್ಲ. ಆದರೆ ಹಬ್ಬಕ್ಕೆ ಪ್ಯಾಟಿಯಿಂದ ಮಿಠಾಯಿ ತರುವುದು ನಿಂತಿದೆ. ದನಕ್ಕೆ ಹಾಕು ಅಂದ ಹಣ್ಣನ್ನು ಮೊಮ್ಮಕ್ಕಳು ಬಟ್ಟಲು ನೆಕ್ಕಿ ತಿನ್ನುತ್ತಾರೆ. ನಿಮ್ಮ ಬದುವಿನಲ್ಲಿ ಗಿಡ ಇದ್ದರೆ ಈ ದೀಪಾವಳಿಗೆ ಮಾಡಿ ನೋಡಿ.