ಮರಳುವ ದಿನದ ಲೆಕ್ಕ

ಪ್ರಯಾಣ ಹೊರಡುವ ದಿನವನ್ನು ಕುರಿತು ನಮ್ಮ ಜನ ಬಹಳ ಯೋಚಿಸುತ್ತಾರೆ. ಪಂಚಾಂಗ ತೆರೆದು, ರಾಹುಕಾಲ ಕಳೆದು, ಒಳ್ಳೆಯ ಗಳಿಗೆ ನೋಡಿ ಹೊಸ್ತಿಲು ದಾಟುತ್ತಾರೆ. ಮರಳಿ ಬರುವ ದಿನಕ್ಕೆ ಅಷ್ಟು ಗೌರವ ದೊರೆಯುವುದಿಲ್ಲ. ಆದರೆ ದೂರದ ಪರದೇಶಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ. ಅಲ್ಲಿಯ ಕೊನೆಯ ದಿನವನ್ನು ಅವರು ಮರೆತಿರುವುದಿಲ್ಲ. ಆ ದಿನಕ್ಕೆ ಇಪ್ಪತ್ತನಾಲ್ಕು ಗಂಟೆಗಳೇ ಇರುವುದಿಲ್ಲ ಎಂಬುದು ಅದರ ಒಂದು ವಿಶೇಷ.

ಬಳ್ಳಾರಿಯ ಸಮೀಪದ ಹಲಕುಂದಿಯಂತಹ ಊರಿನ ದಂಪತಿಗಳು ಕ್ಯಾಲಿಫೋರ್ನಿಯದಲ್ಲಿರುವ ಮಗಳ ಮನೆಗೆ ಹೋಗಿ, ಕೆಲವು ತಿಂಗಳು ಮೊಮ್ಮಕ್ಕಳೊಡನೆ ಕಳೆದು, ಈಗ ಊರಿಗೆ ಹೊರಟಿದ್ದಾರೆ ಎಂದು ಭಾವಿಸೋಣ. ಇಂದು ಕರ್ನಾಟಕದ ಅನೇಕ ಮನೆಗಳಿಗೆ ಇದು ಪರಿಚಿತವಾದ ಅನುಭವವೇ. ಬೆಳಗಿನಿಂದ ಮನೆಯಲ್ಲಿ ತೂಕದ ಮಾತೇ ಮಾತು. ಅನೇಕ ವಿಮಾನ ಸಂಸ್ಥೆಗಳು ಒಂದು ಪೆಟ್ಟಿಗೆಗೆ 23 ಕಿಲೋಗ್ರಾಂಗಳ ಮಿತಿಯನ್ನು ಇಟ್ಟಿವೆ. ಬರುವಾಗ ಶೇಂಗಾ ಚಟ್ನಿಪುಡಿ, ಒಣಗಿದ ಜೋಳದ ರೊಟ್ಟಿಗಳಿಂದ ತುಂಬಿದ್ದ ಪೆಟ್ಟಿಗೆಯಲ್ಲಿ ಈಗ ನೆಂಟರಿಷ್ಟರಿಗಾಗಿ ಕೊಂಡ ಉಡುಗೊರೆಗಳಿವೆ. ತಂದೆ ಒಂದನ್ನು ಹೊರಗೆ ತೆಗೆದರೆ ಮಗಳು ಎರಡನ್ನು ಒಳಗೆ ಸೇರಿಸುತ್ತಾಳೆ. ಪಾಸ್‌ಪೋರ್ಟು, ಟಿಕೆಟ್ಟುಗಳು ಮಾತ್ರ ಕೈಚೀಲದಲ್ಲಿರಬೇಕು. ಚಾಕು ಕತ್ತರಿಗಳಿಗೆ ಆ ಚೀಲದಲ್ಲಿ ಸ್ಥಳವಿಲ್ಲ.

ತೂಕವಿಲ್ಲದಿದ್ದರೂ ತರಬಾರದ ವಸ್ತುಗಳುಂಟು. ಅಲ್ಲಿಯ ಅಂಗಳದ ಚೆಂದದ ಹೂಗಿಡವೊಂದರ ಬೀಜವನ್ನು ಕಾಗದದಲ್ಲಿ ಕಟ್ಟಿ ತರಬೇಕೆಂದು ರೈತನ ಮನಸ್ಸಿಗೆ ತೋರುವುದು ಸಹಜ. ಆದರೆ 2003ರ ಸಸ್ಯ ಸಂಪರ್ಕನಿಷೇಧ ಆದೇಶದಂತೆ, ರೋಗವಿಲ್ಲವೆಂಬ ಪ್ರಮಾಣಪತ್ರ ಮೊದಲಾದ ದಾಖಲೆಗಳಿಲ್ಲದೆ ಬೀಜ ಸಸಿಗಳನ್ನು ನಮ್ಮ ದೇಶಕ್ಕೆ ತರುವಂತಿಲ್ಲ. ಈ ಕಟ್ಟುಪಾಡು ಏಕೆ? ನಮ್ಮ ಹೊಲದ ಬದುಗಳಲ್ಲಿ ಬಿಳಿಯ ಹೂ ಬಿಟ್ಟು ನಿಲ್ಲುವ ಕಾಂಗ್ರೆಸ್ ಗಿಡವೇ ಉತ್ತರ ಹೇಳುತ್ತದೆ. ಪಾರ್ಥೇನಿಯಂ ಎಂಬ ಈ ಕಳೆ ಅಮೆರಿಕ ಖಂಡಗಳದು. 1950ರ ದಶಕದಲ್ಲಿ ಪುಣೆಯ ಬಳಿ ಕಣ್ಣಿಗೆ ಬಿದ್ದ ಇದು, ಆಮದಾದ ಗೋಧಿಯೊಡನೆ ಬಂದಿತೆಂದು ಹೇಳುತ್ತಾರೆ. ಇಂದು ಅದು ದೇಶವನ್ನೆಲ್ಲ ಹಬ್ಬಿ, ಬೆಳೆಗೂ ದನಕರುಗಳಿಗೂ ಮನುಷ್ಯರ ಚರ್ಮಕ್ಕೂ ಕೇಡು ಮಾಡುತ್ತಿದೆ. ಆದುದರಿಂದ ಹೂವಿನ ನೆನಪನ್ನು ತರಬಹುದು, ಬೀಜವನ್ನಲ್ಲ.

ಸಂಜೆಯ ಹೊತ್ತಿಗೆ ಪೆಟ್ಟಿಗೆಗಳು ಬಾಗಿಲ ಬಳಿ ಬಂದು ನಿಲ್ಲುತ್ತವೆ. ಆಗ ಮೊಮ್ಮಗ ಕೇಳುತ್ತಾನೆ: “ಅಜ್ಜೀ, ನೀವು ಊರು ಮುಟ್ಟಿದಾಗ ಇಲ್ಲಿ ಎಷ್ಟು ಗಂಟೆ ಆಗಿರುತ್ತದೆ?”

ಈ ಪ್ರಶ್ನೆಗೆ ಉತ್ತರ ಭೂಗೋಳದಲ್ಲಿದೆ. ಭೂಮಿ ತನ್ನ ಸುತ್ತ 360 ಅಂಶಗಳನ್ನು 24 ಗಂಟೆಗಳಲ್ಲಿ ತಿರುಗುತ್ತದೆ; ಎಂದರೆ ಗಂಟೆಗೆ 15 ಅಂಶ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಇಂಗ್ಲೆಂಡಿನ ಗ್ರೀನಿಚ್ ಮೂಲಕ ಹಾಯುವ ರೇಖೆಯನ್ನು ಸೊನ್ನೆಯ ರೇಖಾಂಶವೆಂದು ಆರಿಸಿತು. ನಮ್ಮ ದೇಶದ ಗಡಿಯಾರ 82.5 ಅಂಶ ಪೂರ್ವ ರೇಖಾಂಶವನ್ನು ಅನುಸರಿಸುವುದರಿಂದ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದೆ. ಬಳ್ಳಾರಿ ಸುಮಾರು 77 ಅಂಶದಲ್ಲಿರುವ ಕಾರಣ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 22 ನಿಮಿಷ ಹಿಂದೆ ಬೀಳುತ್ತಾನೆ! ಚಳಿಗಾಲದಲ್ಲಿ ಕ್ಯಾಲಿಫೋರ್ನಿಯದ ಗಡಿಯಾರ ಗ್ರೀನಿಚ್‌ಗಿಂತ ಎಂಟು ಗಂಟೆ ಹಿಂದಿರುತ್ತದೆ. ಹೀಗೆ ಎರಡು ಊರುಗಳ ನಡುವೆ ಹದಿಮೂರೂವರೆ ಗಂಟೆಗಳ ಅಂತರ. ಬೇಸಗೆಯಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅದು ಹನ್ನೆರಡೂವರೆಗೆ ಇಳಿಯುತ್ತದೆ.

ಇದಕ್ಕೆ ನಿಜವಾದ ಪ್ರಯಾಣವೊಂದನ್ನು ನೋಡೋಣ. 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರವಾಗಿ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನಾಯಕತ್ವದಲ್ಲಿ ಅದನ್ನು ನಡೆಸಿದ ಪೈಲಟ್‌ಗಳೆಲ್ಲರೂ ಮಹಿಳೆಯರು. ಉತ್ತರ ಧ್ರುವದ ಮೇಲಿನ ಮಾರ್ಗವಾಗಿ ಸುಮಾರು 14,000 ಕಿಲೋಮೀಟರುಗಳನ್ನು ಸುಮಾರು 17 ಗಂಟೆಗಳಲ್ಲಿ ಕ್ರಮಿಸಿ, ಜನವರಿ 11ರ ನಸುಕಿನಲ್ಲಿ ಅದು ಬೆಂಗಳೂರಿನಲ್ಲಿ ಇಳಿಯಿತು. ಹಾಗಾದರೆ ಜನವರಿ 10 ಎಲ್ಲಿ ಹೋಯಿತು? ವಿಮಾನ ಹೊರಟಾಗಲೇ ನಮ್ಮಲ್ಲಿ ಹತ್ತನೆಯ ತಾರೀಖಿನ ಬೆಳಗು ಏರಿತ್ತು. ಉಳಿದ ಹಗಲಿರುಳು ಆಕಾಶದಲ್ಲಿ ಕಳೆಯಿತು. ಅವರು ಇಳಿದಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇನ್ನೂ ಹತ್ತನೆಯ ತಾರೀಖಿನ ಮಧ್ಯಾಹ್ನ. ಆದರೂ ಇದರಲ್ಲಿ ನಷ್ಟವೇನಿಲ್ಲ. ಅಮೆರಿಕಕ್ಕೆ ಹೋಗುವಾಗ ಕಾಲದಿಂದ ಪಡೆದ ಗಂಟೆಗಳ ಸಾಲವನ್ನು ಮರಳುವಾಗ ತೀರಿಸುತ್ತೇವೆ, ಅಷ್ಟೆ.

ಗಡಿಯಾರದ ಮುಳ್ಳನ್ನು ಒಂದು ಕ್ಷಣದಲ್ಲಿ ತಿರುಗಿಸಬಹುದು, ದೇಹವನ್ನು ತಿರುಗಿಸಲಾಗದು. ಬಳ್ಳಾರಿಯ ಪ್ರಸಿದ್ಧ ನಟ ರಾಘವರು 1920ರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿದ್ದರು. ಆ ಕಾಲದ ಸಮುದ್ರಯಾನಕ್ಕೆ ವಾರಗಳೇ ಹಿಡಿಯುತ್ತಿದ್ದವು. ಹಡಗಿನ ಗಡಿಯಾರವನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತಿದ್ದುದರಿಂದ ದೇಹವೂ ಅದರೊಡನೆ ಮೆಲ್ಲನೆ ಹೊಂದಿಕೊಳ್ಳುತ್ತಿತ್ತು. ವಿಮಾನ ಈ ಬಿಡುವನ್ನು ಕೊಡದು. ನಿದ್ರೆ, ಹಸಿವುಗಳನ್ನು ಆಳುವ ಒಳಗಡಿಯಾರವೊಂದು ನಮ್ಮ ಜೀವಕೋಶಗಳಲ್ಲಿದೆ. ಅದು ನಡೆಯುವ ಬಗೆಯನ್ನು ತೋರಿಸಿಕೊಟ್ಟ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಊರಿಗೆ ಬಂದವರು ಕೆಲವು ದಿನ ನಡುರಾತ್ರಿಯಲ್ಲಿ ಎಚ್ಚರವಾಗಿ ಕುಳಿತಿರುವುದು ಈ ಗಡಿಯಾರದಿಂದಲೇ. ಬೆಳಗಿನ ಬಿಸಿಲಿನಲ್ಲಿ ನಡೆದಾಡುವುದು ಅದನ್ನು ಸರಿಪಡಿಸಲು ಒಳ್ಳೆಯ ಉಪಾಯ.

ದೇಹ ಹೊಂದಿಕೊಂಡ ಮೇಲೂ ಮನಸ್ಸು ಎರಡು ಕಾಲಗಳಲ್ಲಿ ಬಾಳುತ್ತದೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ಕೈಬೀಸಿ ಬಂದ ತಾಯಿಗೆ ಮುಂದಿನ ಭೇಟಿ ಎಂದೆಂಬುದು ತಿಳಿಯದು. ವಯಸ್ಸಾದವರಿಗೆ ಆ ಪ್ರಶ್ನೆ ಹಗುರವಾದುದಲ್ಲ. ಹೆಚ್ಚು ಓದದಿದ್ದರೂ ಅವಳು ಆ ಕೊನೆಯ ದಿನ ಒಂದು ಲೆಕ್ಕವನ್ನು ಕಲಿತು ಬಂದಿರುತ್ತಾಳೆ. ಹಲಕುಂದಿಯಲ್ಲಿ ಬೆಳಗಿನ ಏಳು ಗಂಟೆಯಾದಾಗ, ಚಳಿಗಾಲವಾಗಿದ್ದರೆ, ಅಲ್ಲಿ ಹಿಂದಿನ ದಿನದ ಸಂಜೆ ಐದೂವರೆ. ಮೊಮ್ಮಗ ಶಾಲೆಯಿಂದ ಮನೆಗೆ ಬಂದಿರುತ್ತಾನೆ. ದೂರವಾಣಿ ಮಾಡಲು ಅದೇ ತಕ್ಕ ಹೊತ್ತು. ರೇಖಾಂಶಗಳ ಪಾಠ ನಮಗೆ ಪರೀಕ್ಷೆಗೆ ಬೇಕು. ದೂರದಲ್ಲಿ ಮಕ್ಕಳಿರುವವರಿಗೆ ಅದು ಪ್ರತಿದಿನದ ಬಾಳಿಗೆ ಬೇಕು.