ಹಗ್ಗದ ಎರಡು ತುದಿ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಗ್ರಾಮವಿದೆ. ಅಲ್ಲಿ ದೊರೆತ ಹತ್ತನೆಯ ಶತಮಾನದ ಶಿಲಾಶಾಸನವೊಂದು ನಾಡಿನ ಚರಿತ್ರೆಯನ್ನು ಬಲ್ಲವರಿಗೆಲ್ಲ ಪರಿಚಿತವಾದುದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನೂ ಗಂಗರ ಅರಸ ಇಮ್ಮಡಿ ಬೂತುಗನೂ ಚೋಳರನ್ನು ಎದುರಿಸಿದ ತಕ್ಕೋಲದ ಯುದ್ಧದ ಸಂಗತಿ ಅದರಲ್ಲಿದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ, ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡೆಂದಾಗ, ಅವನು ಹೊನ್ನನ್ನು ಬೇಡಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದನು. ಮುಂದೆ ಆ ನಾಯಿಯು ಒಂದು ದೊಡ್ಡ ಹಂದಿಯೊಡನೆ ಕಾದಾಡಿತು. ಎರಡೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿಯಾಗಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಸೆಣಸುವ ಚಿತ್ರವನ್ನು ಅದರ ಮೇಲೆ ಇಂದಿಗೂ ಕಾಣಬಹುದು.

ಕಾಳಿಯ ಕೆಲಸ ಬೇಟೆ. ಇಂದು ನಮ್ಮ ಮನೆಗಳಲ್ಲಿರುವ ನಾಯಿಗೆ ಹಂದಿಯನ್ನು ಹಿಡಿಯುವ ಕೆಲಸವಿಲ್ಲ. ಬೀದಿಯಲ್ಲಿ ಯಜಮಾನನ ಪಕ್ಕದಲ್ಲಿ ನಡೆಯುವುದು, ದಾರಿಹೋಕರ ಮೇಲೆ ಹಾರದಿರುವುದು, ಸೈಕಲ್ಲಿನ ಹಿಂದೆ ಓಡದಿರುವುದು, ಕರೆದಾಗ ಬರುವುದು, ಇಷ್ಟನ್ನೇ ನಾವು ಅದರಿಂದ ನಿರೀಕ್ಷಿಸುತ್ತೇವೆ. ನೋಡಲು ಅಲ್ಪವೆನಿಸುವ ಈ ಕೆಲಸಗಳು ನಾಯಿಗೆ ಬೇಟೆಗಿಂತ ಕಷ್ಟವಾದವು. ಅಟ್ಟಿಸಿಕೊಂಡು ಹೋಗುವುದು ಅದರ ಹುಟ್ಟುಗುಣ. ಅಟ್ಟದೆ ನಿಲ್ಲುವುದನ್ನು ಅದು ಕಲಿಯಬೇಕಾಗುತ್ತದೆ. ಕಲಿಸುವ ತಾಳ್ಮೆಯಿಲ್ಲದವರು ಬಹುಮಂದಿ ನಾಯಿಯನ್ನು ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕಿ, ಅದು ಬೊಗಳಿದರೆ ಗದರಿಸಿ, ತಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯುತ್ತಾರೆ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟವನ್ನು ಒದಗಿಸದಿರುವುದು ಪ್ರಾಣಿಹಿಂಸೆಯೆಂದು 1960ರ ಪ್ರಾಣಿಹಿಂಸೆ ತಡೆ ಅಧಿನಿಯಮವು ಸ್ಪಷ್ಟವಾಗಿ ಹೇಳಿದೆ. ಈ ಮಾತು ಬಲ್ಲವರು ವಿರಳ.

ಹೀಗೆ ಬರೆಯುವ ನಾನೂ ಒಂದು ಕಾಲಕ್ಕೆ ಅಂಥವರಲ್ಲಿ ಒಬ್ಬನಾಗಿದ್ದೆ. 1988ರಲ್ಲಿ, ನಾನು ಹೊಸದಾಗಿ ಉಪಾಧ್ಯಾಯನಾಗಿ ಒಂದು ಸಣ್ಣ ಊರಿನಲ್ಲಿದ್ದಾಗ, ಕೆಂಚನೆಂಬ ನಾಯಿಯನ್ನು ಸಾಕಿದ್ದೆ. ಕೆಂದುಬಣ್ಣದ ನಾಡುನಾಯಿ, ಬಹಳ ಚುರುಕು. ಸಂಜೆ ಅದನ್ನು ಬಿಟ್ಟೊಡನೆ ಊರ ಹೊರಗಿನ ಕೆರೆ ಏರಿಯವರೆಗೆ ಓಡಿಬಿಡುತ್ತಿತ್ತು. ನಾನು ಏರಿಯ ಮೇಲೆ ನಿಂತು ಕೂಗುತ್ತಿದ್ದೆ. ಐದು ನಿಮಿಷವೋ ಹತ್ತು ನಿಮಿಷವೋ ಕಳೆದು ಅದು ಬಾಲವಾಡಿಸುತ್ತ ಹತ್ತಿರ ಬಂದರೆ, ತಡಮಾಡಿದ ತಪ್ಪಿಗೆಂದು ಬೆತ್ತದಿಂದ ಎರಡೇಟು ಹೊಡೆದು ಸರಪಳಿ ಹಾಕುತ್ತಿದ್ದೆ. ಅದರಿಂದ ನಾಯಿಗೆ ಶಿಸ್ತು ಬರುತ್ತದೆಂದು ನನ್ನ ನಂಬಿಕೆ. ಆದರೆ ದಿನದಿನಕ್ಕೆ ಅದು ಬರುವುದು ಇನ್ನೂ ತಡವಾಗತೊಡಗಿತು. ಒಂದು ಸಂಜೆ ಅದು ರಸ್ತೆಯ ಆಚೆ ಬದಿಯಲ್ಲಿತ್ತು. ದೂರದಲ್ಲಿ ಲಾರಿ ಬರುತ್ತಿರುವುದನ್ನು ಕಂಡು, ಬೇಗನೆ ದಾಟಿ ಬರಲೆಂದು ನಾನು ಗಟ್ಟಿಯಾಗಿ ಕೂಗಿದೆ. ಕೆಂಚ ನಾಲ್ಕು ಹೆಜ್ಜೆ ಬಂದು, ನನ್ನ ಕೈಯನ್ನು ನೋಡಿ, ರಸ್ತೆಯ ನಡುವೆ ನಿಂತುಬಿಟ್ಟಿತು.

ಮರುದಿನ ಊರಿನ ಪಶುವೈದ್ಯರು ವಿಷಯವನ್ನೆಲ್ಲ ಕೇಳಿ, ನಿಧಾನವಾಗಿ ಒಂದೇ ಮಾತು ಹೇಳಿದರು: "ಮೇಷ್ಟ್ರೇ, ನೀವು ಅದು ಓಡಿಹೋದದ್ದಕ್ಕೆ ಹೊಡೆದಿರೆಂದು ತಿಳಿದಿದ್ದೀರಿ. ಅದರ ಲೆಕ್ಕದಲ್ಲಿ ನೀವು ಹೊಡೆದದ್ದು ಹತ್ತಿರ ಬಂದದ್ದಕ್ಕೆ." ತಡವಾಗಿ ಬಂದ ಹುಡುಗನನ್ನು ದಂಡಿಸಿದರೆ ಮರುದಿನ ಅವನು ಶಾಲೆಗೇ ಬಾರದಿರುವುದನ್ನು ತರಗತಿಯಲ್ಲಿ ಕಂಡಿದ್ದ ನನಗೆ, ನಾಯಿಯ ವಿಷಯದಲ್ಲಿ ಅದು ಹೊಳೆಯದೆ ಹೋಯಿತು.

ಪಶುವೈದ್ಯರ ಮಾತಿನ ಹಿಂದೆ ಶಾಸ್ತ್ರವಿದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕನು 1898ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಗಳಲ್ಲಿಟ್ಟು, ಅವು ಅಗುಳಿಯನ್ನು ಸರಿಸಿ ಹೊರಬರುವ ಬಗೆಯನ್ನು ಪರಿಶೀಲಿಸಿದನು. ಯಾವ ಕ್ರಿಯೆಯಿಂದ ಹಿತವಾದ ಫಲ ದೊರೆಯುವುದೋ ಅದನ್ನು ಪ್ರಾಣಿಯು ಮತ್ತೆ ಮಾಡುತ್ತದೆ. ಅಹಿತವಾದ ಫಲ ಬಂದರೆ ಬಿಡುತ್ತದೆ. ರಷ್ಯದ ಇವಾನ್ ಪಾವ್ಲೋವನು ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದವನು. ಆಹಾರ ಬರುವುದಕ್ಕೆ ಮೊದಲೇ, ಅದರ ಸೂಚನೆ ದೊರೆತ ಮಾತ್ರಕ್ಕೆ ನಾಯಿಯ ಬಾಯಲ್ಲಿ ನೀರೂರುವುದನ್ನು ಅವನು ತೋರಿಸಿಕೊಟ್ಟನು. ನಮ್ಮ ಮನೆಯ ನಾಯಿ ಹಗ್ಗದ ಸಪ್ಪಳ ಕೇಳಿದರೆ ಕುಣಿಯುವುದೂ, ಕೆಂಚ ನನ್ನ ಕೈಯನ್ನು ಕಂಡು ನಿಂತದ್ದೂ ಇದೇ ಬಗೆಯ ಕಲಿಕೆ.

ಇಲ್ಲಿ ಕಾಲದ ಪ್ರಶ್ನೆ ಮುಖ್ಯವಾದುದು. ಕ್ರಿಯೆಗೂ ಫಲಕ್ಕೂ ನಡುವೆ ಒಂದೆರಡು ಕ್ಷಣಗಳಿಗಿಂತ ಹೆಚ್ಚು ಅಂತರ ಬಿದ್ದರೆ ನಾಯಿಗೆ ಅವೆರಡರ ಸಂಬಂಧ ತಿಳಿಯುವುದು ಕಷ್ಟ. ಬೆಳಗ್ಗೆ ಚಪ್ಪಲಿ ಕಚ್ಚಿದ ನಾಯಿಯನ್ನು ಸಂಜೆ ಬಂದು ದಂಡಿಸುವವರು, "ನೋಡಿ, ತಲೆ ತಗ್ಗಿಸಿದೆ, ತಪ್ಪು ಗೊತ್ತಾಗಿದೆ" ಎಂದು ಸಮರ್ಥಿಸಿಕೊಳ್ಳುವುದುಂಟು. ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನವು ಈ ನಂಬಿಕೆಯನ್ನು ಪರೀಕ್ಷಿಸಿತು. 14 ನಾಯಿಗಳಿಗೆ ತಿಂಡಿಯನ್ನು ಮುಟ್ಟಬಾರದೆಂದು ಹೇಳಿ ಯಜಮಾನರು ಹೊರಗೆ ಹೋದರು. ತಿಂದ ನಾಯಿಯನ್ನು ತಿನ್ನಲಿಲ್ಲವೆಂದೂ, ತಿನ್ನದ ನಾಯಿಯನ್ನು ತಿಂದಿತೆಂದೂ ಕೆಲವು ಸಲ ಅವರಿಗೆ ಸುಳ್ಳು ಹೇಳಲಾಯಿತು. ತಲೆ ತಗ್ಗಿಸುವುದಕ್ಕೂ ತಿಂದದ್ದಕ್ಕೂ ಸಂಬಂಧವೇ ಕಾಣಲಿಲ್ಲ. ಬೈಸಿಕೊಂಡ ನಾಯಿಗಳು ತಲೆ ತಗ್ಗಿಸಿದವು. ನಾವು ಪಶ್ಚಾತ್ತಾಪವೆಂದು ಓದುವುದು ನಮ್ಮ ಸಿಟ್ಟಿನ ಮುಖಕ್ಕೆ ಅದು ಕೊಡುವ ಉತ್ತರವಷ್ಟೆ.

ಇನ್ನು ನಡಿಗೆಯ ವಿಷಯ. ಬೀದಿಯಲ್ಲಿ ನಾಯಿಯು ಮುಂದೆ ಮುಂದೆ ಜಗ್ಗುವುದನ್ನೂ, ಯಜಮಾನನು ಹಿಂದಿನಿಂದ ಎಳೆಸಿಕೊಂಡು ಓಡುವುದನ್ನೂ ನಾವೆಲ್ಲ ಕಂಡು ನಕ್ಕಿದ್ದೇವೆ. ಯಾರು ಯಾರನ್ನು ಸುತ್ತಾಡಿಸುತ್ತಿದ್ದಾರೆಂಬುದೇ ತಿಳಿಯುವುದಿಲ್ಲ. ನಾಯಿಯ ಸಹಜ ನಡಿಗೆ ಮನುಷ್ಯನ ನಡಿಗೆಗಿಂತ ವೇಗವಾದುದು. ಮುಂದಿನ ಮರದ ಬುಡದಲ್ಲಿ ಏನೋ ವಾಸನೆಯಿದೆ. ನಾಯಿ ಜಗ್ಗುತ್ತದೆ, ನಾವು ಹಿಂದೆ ಹೋಗುತ್ತೇವೆ, ಮರ ಹತ್ತಿರವಾಗುತ್ತದೆ. ಜಗ್ಗಿದರೆ ಬೇಕಾದುದು ಸಿಗುತ್ತದೆಂಬ ಪಾಠವನ್ನು ನಾವೇ ದಿನಕ್ಕೆ ನೂರು ಸಲ ಕಲಿಸುತ್ತೇವೆ. ಆಮೇಲೆ ಅದು ಜಗ್ಗುತ್ತದೆಂದು ದೂರುತ್ತೇವೆ.

ಈ ಪಾಠವನ್ನು ಮರೆಸುವ ಉಪಾಯ ಸರಳ, ಆದರೆ ಬೇಸರ ತರುವಂಥದು. ಹಗ್ಗ ಬಿಗಿಯಾದೊಡನೆ ನಿಂತುಬಿಡಬೇಕು. ಎಳೆಯಬಾರದು, ಬೈಯಬಾರದು, ಕಂಬದಂತೆ ಸುಮ್ಮನೆ ನಿಲ್ಲಬೇಕು. ಸ್ವಲ್ಪ ಹೊತ್ತಿಗೆ ನಾಯಿ ಹಿಂದಿರುಗಿ ನೋಡುತ್ತದೆ, ಅಥವಾ ಒಂದು ಹೆಜ್ಜೆ ಹಿಂದೆ ಬರುತ್ತದೆ. ಹಗ್ಗ ಸಡಿಲವಾದ ಆ ಗಳಿಗೆಯಲ್ಲೇ "ಭೇಷ್" ಎಂದು ಹೊಗಳಿ ಮುಂದೆ ನಡೆಯಬೇಕು. ನಮ್ಮ ಪಕ್ಕದಲ್ಲೇ ಬರುತ್ತಿದ್ದರೆ ಆಗಾಗ ಬಿಸ್ಕತ್ತಿನ ಚೂರನ್ನೋ ಬೇಯಿಸಿದ ಮೊಟ್ಟೆಯ ತುಣುಕನ್ನೋ ಕೊಡಬಹುದು. ಚಾಕೊಲೇಟು ಮಾತ್ರ ಕೂಡದು. ಅದು ನಾಯಿಗೆ ವಿಷ. ಮೊದಲ ದಿನ ನಮ್ಮ ಮನೆಯ ಬಾಗಿಲಿನಿಂದ ಬೀದಿಯ ಕೊನೆಯನ್ನು ಮುಟ್ಟಲು ಅರ್ಧ ಗಂಟೆ ಹಿಡಿಯಿತು. ಹಾಲಿನವನು ಎರಡು ಸಲ ಹಾದುಹೋಗಿ, ಏನಾದರೂ ಬಿದ್ದುಹೋಯಿತೇ ಎಂದು ವಿಚಾರಿಸಿದನು. ಎರಡು ವಾರಗಳಲ್ಲಿ ಆ ದಾರಿ ಐದು ನಿಮಿಷದ್ದಾಯಿತು.

ಈ ಅಭ್ಯಾಸವನ್ನು ಮೊದಲು ಅಂಗಳದಲ್ಲಿ, ಆಮೇಲೆ ಜನರಿಲ್ಲದ ಹೊತ್ತಿನಲ್ಲಿ ಬೀದಿಯಲ್ಲಿ, ಕೊನೆಗೆ ಸಂತೆಯ ದಾರಿಯಲ್ಲಿ ಮಾಡಿಸುವುದು ಲೇಸು. ಕೊರಳಿಗೆ ಬಿಗಿಯುವ ಸರಪಳಿಗಿಂತ ಎದೆಯನ್ನು ಬಳಸಿ ಕಟ್ಟುವ ಪಟ್ಟಿ ಒಳ್ಳೆಯದು, ಗಂಟಲಿಗೆ ನೋವಾಗದು. ಮನೆಯವರೆಲ್ಲರೂ ಒಂದೇ ನಿಯಮವನ್ನು ಪಾಲಿಸಬೇಕು. ಬೆಳಗ್ಗೆ ಅಜ್ಜ ನಿಂತು ಸಂಜೆ ಮೊಮ್ಮಗ ಓಡಿದರೆ, ಒಮ್ಮೊಮ್ಮೆ ಜಗ್ಗಿದರೂ ಫಲವುಂಟೆಂದು ನಾಯಿ ಇನ್ನೂ ಹಟದಿಂದ ಜಗ್ಗುತ್ತದೆ. ಮತ್ತೊಂದು ಮಾತು: ನಡಿಗೆಯುದ್ದಕ್ಕೂ ಸೈನಿಕನಂತೆ ಅದನ್ನು ನಡೆಸಬಾರದು. ನಾವು ವೃತ್ತಪತ್ರಿಕೆ ಓದುವಂತೆ ನಾಯಿ ಬೀದಿಯನ್ನು ಮೂಗಿನಿಂದ ಓದುತ್ತದೆ. ಯಾವ ಪ್ರಾಣಿ ಬಂದಿತ್ತು, ಯಾವಾಗ ಹೋಯಿತು ಎಂಬುದೆಲ್ಲ ಅದಕ್ಕೆ ಅಲ್ಲಿ ತಿಳಿಯುತ್ತದೆ. ನೆಟ್ಟಗೆ ನಡೆದದ್ದಕ್ಕೆ ಪ್ರತಿಫಲವಾಗಿ ಮರದ ಬುಡವನ್ನು ಮೂಸಲು ಬಿಟ್ಟರೆ, ಅದು ಬಿಸ್ಕತ್ತಿಗಿಂತ ಹೆಚ್ಚಿನ ಉಡುಗೊರೆ.

ಜನರ ಮೇಲೆ ಹಾರುವ ದುರಭ್ಯಾಸವೂ ಇದೇ ಮಾರ್ಗದಲ್ಲಿ ಹೋಗುವಂಥದು. ಮರಿಯಾಗಿದ್ದಾಗ ಹಾರಿದರೆ ಮುದ್ದು ಮಾಡುತ್ತೇವೆ. ದೊಡ್ಡದಾದ ಮೇಲೆ ಅದೇ ಹಾರಾಟಕ್ಕೆ ಒದೆಯುತ್ತೇವೆ. ಹಾರಿದಾಗ ಮುಖ ತಿರುಗಿಸಿ, ನಾಲ್ಕು ಕಾಲೂ ನೆಲದ ಮೇಲಿದ್ದಾಗ ಮಾತ್ರ ತಲೆ ಸವರಿದರೆ ಸಾಕು. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿಯ ಮನಸ್ಸು ಹೊಸತನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆ ಅವಧಿಯಲ್ಲಿ ಮಕ್ಕಳು, ಮುದುಕರು, ಕೊಡೆ ಹಿಡಿದವರು, ದನಕರುಗಳು, ಮೋಟಾರಿನ ಸದ್ದು, ಎಲ್ಲವನ್ನೂ ಹೆದರಿಸದೆ ಪರಿಚಯ ಮಾಡಿಸಬೇಕು.

ನಾಯಿಯ ಮೈಭಾಷೆಯನ್ನು ನಾವೂ ಕಲಿಯಬೇಕಾಗುತ್ತದೆ. ಬಾಲವಾಡಿಸುವ ನಾಯಿಯೆಲ್ಲ ಸ್ನೇಹಪರವಲ್ಲ. ಮೈ ಸೆಟೆದು, ದೃಷ್ಟಿ ನೆಟ್ಟು, ಬಾಲವನ್ನು ಎತ್ತಿ ಮೆಲ್ಲಗೆ ಆಡಿಸುತ್ತಿದ್ದರೆ ದೂರವಿರುವುದೇ ಒಳಿತು. ಅಪರಿಚಿತ ನಾಯಿ ಅಟ್ಟಿಬಂದರೆ ಓಡಬಾರದು. ಕೈಗಳನ್ನು ಮೈಗೆ ಒತ್ತಿಕೊಂಡು, ಅದರ ಕಣ್ಣನ್ನು ನೋಡದೆ ನಿಶ್ಚಲವಾಗಿ ನಿಂತರೆ ಅದು ಮೂಸಿ ಹೋಗುವುದೇ ಹೆಚ್ಚು. ಎಷ್ಟೇ ಜಾಗರೂಕರಾಗಿದ್ದರೂ ಕಚ್ಚಿಸಿಕೊಂಡರೆ, ಗಾಯಕ್ಕೆ ಸುಣ್ಣ, ಅರಿಸಿನ, ಮೆಣಸಿನಪುಡಿಗಳನ್ನು ಹಚ್ಚದೆ, ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ವಿರಳ. ಲಕ್ಷಣಕ್ಕೆ ಮೊದಲು ಲಸಿಕೆ ಪಡೆದವರಿಗೆ ರಕ್ಷಣೆಯುಂಟು. ಲೂಯಿ ಪಾಶ್ಚರನು 1885ರಲ್ಲಿ ಒಬ್ಬ ಬಾಲಕನಿಗೆ ಈ ಲಸಿಕೆ ಕೊಟ್ಟು ಉಳಿಸಿದಂದಿನಿಂದ ಮನುಷ್ಯನ ಕೈಯಲ್ಲಿರುವ ಅಸ್ತ್ರವಿದು. ಸಾಕಿದ ನಾಯಿಗೆ ಮೂರು ತಿಂಗಳಾದಾಗ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಮರುಕಳಿಸುವುದು ಯಜಮಾನನ ಹೊಣೆ. ಬೀದಿಯಲ್ಲಿ ನಾಯಿ ಮಾಡಿದ ಹೊಲಸನ್ನು ಕಾಗದದಲ್ಲಿ ಎತ್ತುವುದೂ ಅವನ ಹೊಣೆಯೇ. ಇದನ್ನು ಹೇಳಿದರೆ ಮುನಿಸಿಕೊಳ್ಳುವ ನೆರೆಯವರು ನನಗಿದ್ದಾರೆ. ಬೇಸಗೆಯ ಮಧ್ಯಾಹ್ನ ನಾಯಿಯನ್ನು ಟಾರು ರಸ್ತೆಗೆ ಕರೆದೊಯ್ಯಬಾರದು. ನಮ್ಮ ಅಂಗೈಯ ಹಿಂಬದಿಯನ್ನು ರಸ್ತೆಯ ಮೇಲೆ ಏಳೆಂಟು ಕ್ಷಣ ಇಡಲಾಗದಿದ್ದರೆ, ಅದರ ಪಾದಕ್ಕೂ ಆ ರಸ್ತೆ ಆಗದು.

ಕೆಂಚ ಹೋದ ಮೇಲೆ ಎಷ್ಟೋ ವರ್ಷ ನಾನು ನಾಯಿ ಸಾಕಲಿಲ್ಲ. ನಿವೃತ್ತನಾದ ಮೇಲೆ ಮೊಮ್ಮಗ ಚರಂಡಿಯ ಪಕ್ಕದಿಂದ ಒಂದು ಬಿಳಿಯ ಹೆಣ್ಣುಮರಿಯನ್ನು ತಂದ. ಬೆಳ್ಳಿ ಎಂದು ಹೆಸರಿಟ್ಟೆವು. ಕರೆದಾಗ ಬರುವ ಪಾಠವನ್ನೇ ಅದಕ್ಕೆ ಎಲ್ಲಕ್ಕಿಂತ ಮೊದಲು ಕಲಿಸಿದೆ. ಊಟ ಬಡಿಸುವಾಗ ಕರೆಯುವುದು, ಆಟದ ನಡುವೆ ಕರೆದು ತುಣುಕು ಕೊಟ್ಟು ಮತ್ತೆ ಆಟಕ್ಕೆ ಬಿಡುವುದು. ಬೈಯಬೇಕಾದಾಗ, ಸ್ನಾನ ಮಾಡಿಸಬೇಕಾದಾಗ ನಾನೇ ಎದ್ದು ಅದರ ಬಳಿಗೆ ಹೋಗುತ್ತೇನೆ. "ಬಾ" ಎಂಬ ಮಾತನ್ನು ಅದಕ್ಕೆ ಬಳಸುವುದಿಲ್ಲ.

ಕಳೆದ ಮಳೆಗಾಲದಲ್ಲಿ ಯಾರೋ ಗೇಟನ್ನು ತೆರೆದಿಟ್ಟಿದ್ದರು. ಬೆಳ್ಳಿ ಒಂದು ಬೆಕ್ಕಿನ ಹಿಂದೆ ರಸ್ತೆಗೆ ನುಗ್ಗಿತು. ತಿರುವಿನಲ್ಲಿ ಬಸ್ಸಿನ ಸದ್ದು. "ಬೆಳ್ಳೀ, ಬಾ" ಎಂದೆ, ಗಂಟಲು ನಡುಗುತ್ತಿತ್ತು. ಅದು ಅರೆಕ್ಷಣ ಬೆಕ್ಕನ್ನು ನೋಡಿತು, ಆಮೇಲೆ ನನ್ನ ಕೈಯನ್ನು ನೋಡಿತು, ಕಿವಿ ನಿಮಿರಿಸಿ ಓಡಿಬಂದಿತು. ಜೇಬಿನಲ್ಲಿದ್ದ ಬಿಸ್ಕತ್ತುಗಳನ್ನೆಲ್ಲ ಅದಕ್ಕೆ ಅಂದೇ ಕೊಟ್ಟುಬಿಟ್ಟೆ. ನನ್ನ ಅಂಗಿಗಳ ಜೇಬು ಸದಾ ಬಿಸ್ಕತ್ತಿನ ಪುಡಿಯಿಂದ ತುಂಬಿರುತ್ತದೆಂದು ಬಟ್ಟೆ ಒಗೆಯುವವರ ಆಕ್ಷೇಪ ಈಗಲೂ ಇದೆ.